ಯಾರು ಯಾರಿಗಾಗಿ ಕಾಯುತ್ತಿದ್ದಾರೆ

2025ರ ಆಗಸ್ಟ್ 10ರಂದು ಬೆಂಗಳೂರಿನ ನಮ್ಮ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೂ ತುಸು ಹೆಚ್ಚು ದೂರ, 16 ನಿಲ್ದಾಣ. ಓಡಲು ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅದಕ್ಕೆ ಮುಂಚೆ ಎಷ್ಟೋ ತಿಂಗಳು ರಾಗಿಗುಡ್ಡ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ಕಡೆಯ ಜನ ತಲೆಯ ಮೇಲೆ ಸಿದ್ಧವಾಗಿದ್ದ ಹಳಿಯನ್ನು ನೋಡುತ್ತ ಅದರ ಕೆಳಗೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಕಂಬ ಎದ್ದಿತ್ತು, ಮೆಟ್ಟಿಲಿಗೆ ಕಲ್ಲು ಕೂರಿಸಿ ಆಗಿತ್ತು, ಹೆಸರಿನ ಫಲಕವೂ ಏರಿತ್ತು. "ಎಲ್ಲ ಮುಗಿದಿದೆಯಲ್ಲ, ಇನ್ನೂ ಯಾಕ್ರೀ ಬಿಟ್ಟಿಲ್ಲ?" ಎಂಬ ಮಾತು ಜಯನಗರದ ಪಾರ್ಕುಗಳಲ್ಲಿ, ಜೆ.ಪಿ. ನಗರದ ದರ್ಶಿನಿಗಳಲ್ಲಿ ದಿನವೂ ಕೇಳುತ್ತಿತ್ತು.

ಎಲ್ಲ ಮುಗಿದಂತೆ ಕಾಣುವ ಕೆಲಸ ಯಾಕೆ ಮುಗಿದಿಲ್ಲ? ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹೇಳುವ ದಾರಿ ಮನುಷ್ಯನಿಗೆ ಸಿಕ್ಕಿ ಎಪ್ಪತ್ತು ವರ್ಷವೂ ಆಗಿಲ್ಲ. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಕಟ್ಟೆ ಶುರುಮಾಡಿದವರ ಕೈಯಲ್ಲಿ ಅದು ಇರಲಿಲ್ಲ. ಮಳೆಗಾಲದ ಮುಂಚೆ ಯಾವುದು, ಆಮೇಲೆ ಯಾವುದು ಎಂಬ ಕ್ರಮವನ್ನು ಅವರು ಅನುಭವದಿಂದ, ಕಟ್ಟುನಿಟ್ಟಿನಿಂದ, ಬಹುಮಟ್ಟಿಗೆ ತಲೆಯೊಳಗೇ ಹಿಡಿದು ನಡೆಸಿದರು. ಅಷ್ಟು ದೊಡ್ಡ ತಲೆ ಎಲ್ಲ ಊರಿಗೂ ಸಿಗುವುದಿಲ್ಲ. ಸಾಮಾನ್ಯ ತಲೆಗಳಿಗೂ ಆ ಕ್ರಮ ಕಾಣುವಂತೆ ಹಾಳೆಯ ಮೇಲೆ ಇಳಿಸಿದ್ದು ಹೇಗೆ ಎಂಬುದೇ ಇಲ್ಲಿ ಹೇಳಹೊರಟ ಕತೆ.

ಮೊದಲು ಆ ಹಾದಿ ಹಿಡಿದವರು ಪೋಲೆಂಡಿನ ಎಂಜಿನಿಯರ್ ಕರೋಲ್ ಆಡಮಿಯೆಟ್ಸ್‌ಕಿ. ಉಕ್ಕಿನ ಕಾರ್ಖಾನೆಯಲ್ಲಿ ಒಂದು ಯಂತ್ರ ದುಡಿಯುವಾಗ ಪಕ್ಕದ ಯಂತ್ರ ಸುಮ್ಮನೆ ನಿಂತಿರುವುದನ್ನು ನೋಡಿ, 1896ರ ಹೊತ್ತಿಗೆ ಅವರು ಕಾಗದದ ಪಟ್ಟಿಗಳ ಒಂದು ಹಲಗೆ ಮಾಡಿದರು. ಪ್ರತಿ ಕೆಲಸಕ್ಕೂ ಒಂದು ಪಟ್ಟಿ. ಅದು ಯಾವ ಕೆಲಸದಿಂದ ಬಂತು, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಆ ಪಟ್ಟಿಯ ಮೇಲೆಯೇ ಬರೆದಿರುತ್ತಿತ್ತು. ಅವರು ಬರೆದದ್ದು ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿ, ಹೊರಗಿನವರಿಗೆ ತಲುಪಲಿಲ್ಲ. ಮುಂದೆ 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಎಳೆದ ಅಡ್ಡಗೆರೆಗಳ ಚಾರ್ಟ್ ಜಗತ್ತಿಗೆಲ್ಲ ಹಬ್ಬಿತು. ಇವತ್ತೂ ಎಲೆಕ್ಟ್ರಾನಿಕ್ ಸಿಟಿಯ ಯಾವ ಮೀಟಿಂಗ್ ಕೋಣೆಗೆ ಹೋದರೂ ಪರದೆಯ ಮೇಲೆ ಗ್ಯಾಂಟ್ ಚಾರ್ಟ್ ಇರುತ್ತದೆ. ಗ್ಯಾಂಟರ ಗೆರೆ ಒಂದು ಕೆಲಸ ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ಹೇಳುತ್ತಿತ್ತು. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಹೇಳುತ್ತಿರಲಿಲ್ಲ. ಆಡಮಿಯೆಟ್ಸ್‌ಕಿಯವರ ಪಟ್ಟಿಯಲ್ಲಿ ಆ ವಿವರ ಇತ್ತು. ಅದನ್ನು ಮತ್ತೆ ಹುಡುಕಿಕೊಳ್ಳಲು ಅರ್ಧ ಶತಮಾನ ಬೇಕಾಯಿತು.

1956ರ ಕೊನೆ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿ. ಅದು ಕೊಂಡಿದ್ದ ಯೂನಿವ್ಯಾಕ್ ಕಂಪ್ಯೂಟರಿಗೆ ಪಾದರಸದ ಕೊಳವೆಗಳಲ್ಲಿ ಸಾವಿರ ಪದಗಳಷ್ಟೇ ನೆನಪು, ಆದರೂ ಆ ಕಾಲಕ್ಕೆ ದೈತ್ಯ. ಹೊಸ ಕಾರ್ಖಾನೆ ಕಟ್ಟುವ ಕೆಲಸಗಳ ವೇಳಾಪಟ್ಟಿಗೆ ಇದನ್ನು ಬಳಸಬಹುದೇ ಎಂದು ಕಂಪನಿಯ ಎಂಜಿನಿಯರ್ ಮಾರ್ಗನ್ ವಾಕರ್ ಯೋಚಿಸುತ್ತಿದ್ದರು. ಅವರಿಗೆ ಜೊತೆಯಾದವರು ಕಂಪ್ಯೂಟರ್ ತಯಾರಿಸಿದ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲ್ಲಿ. 1957ರ ಮೇ ತಿಂಗಳಲ್ಲಿ ಎರಡೂ ಕಂಪನಿಗಳು ಹಣ ಹಾಕಲು ಒಪ್ಪಿದವು.

ಅವರ ಎದುರಿಗಿದ್ದ ಪ್ರಶ್ನೆ ಹಣದ್ದು. ಕಾರ್ಖಾನೆ ತಡವಾಗುತ್ತಿದೆ ಎಂದರೆ ಆ ಕಾಲದ ಮ್ಯಾನೇಜರುಗಳು ಎಲ್ಲ ಕಡೆಗೂ ಜನ ಹೆಚ್ಚಿಸುತ್ತಿದ್ದರು, ಎಲ್ಲರಿಗೂ ಓವರ್‌ಟೈಮ್ ಕೊಡುತ್ತಿದ್ದರು. ಖರ್ಚು ಏರುತ್ತಿತ್ತು, ಮುಗಿಯುವ ದಿನ ಅಷ್ಟೇನೂ ಹತ್ತಿರ ಬರುತ್ತಿರಲಿಲ್ಲ. ಯಾವ ಕೆಲಸವನ್ನು ಚುರುಕು ಮಾಡಿದರೆ ಇಡೀ ಯೋಜನೆ ಚುರುಕಾಗುತ್ತದೆ? ಕೆಲ್ಲಿ ಪ್ರತಿ ಕೆಲಸವನ್ನೂ ಒಂದು ಬಾಣವಾಗಿ ಬರೆದರು. ಒಂದು ಮುಗಿಯದೆ ಇನ್ನೊಂದು ಶುರುವಾಗದಿದ್ದರೆ ಬಾಣದ ತುದಿಗೆ ಬಾಣ. ಹೀಗೆ ಯೋಜನೆ ಒಂದು ಬಲೆಯಾಯಿತು. ಮೊದಲಿನಿಂದ ಕೊನೆಯವರೆಗೆ ಆ ಬಲೆಯಲ್ಲಿ ಎಷ್ಟೋ ದಾರಿಗಳಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವುದೋ, ಯೋಜನೆ ಅಷ್ಟು ದಿನ ಹಿಡಿಯುತ್ತದೆ. ಕೆಲ್ಲಿ ಅದನ್ನು ಮುಖ್ಯ ಸರಪಳಿ ಎಂದು ಕರೆದರು. ಈಗ ಎಲ್ಲರೂ ಬಳಸುವ ಕ್ರಿಟಿಕಲ್ ಪಾತ್ ಎಂಬ ಹೆಸರು ಅಮೆರಿಕದ ನೌಕಾಪಡೆಯ ಕಡೆಯಿಂದ ಬಂತು. 1957ರ ಸೆಪ್ಟೆಂಬರಿನಲ್ಲಿ 61 ಕೆಲಸಗಳ ಪುಟ್ಟ ಉದಾಹರಣೆಯೊಂದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಲೆಕ್ಕ ಕೂಡಿತು.

ಕಂಪ್ಯೂಟರ್ ಇಲ್ಲದೆಯೂ ಈ ಲೆಕ್ಕ ಅರ್ಥವಾಗುತ್ತದೆ. ಬನಶಂಕರಿಯಲ್ಲಿ ಮನೆಯ ಮೇಲೊಂದು ಮಹಡಿ ಏರಿಸುತ್ತಿದ್ದೀರಿ ಎನ್ನಿ, ಗೋಡೆ ಎದ್ದಾಗಿದೆ. ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಲು 10 ದಿನ, ಮೋಲ್ಡ್ ಹಾಕಲು 1 ದಿನ, ನೀರು ಕಟ್ಟಿ ಕ್ಯೂರಿಂಗ್ ಮಾಡಿ ಹಲಗೆ ಬಿಚ್ಚಲು 14 ದಿನ. ಅಲ್ಲಿಗೆ 25. ಆಮೇಲೆ ಗೋಡೆ ಕೊರೆದು ಕರೆಂಟಿನ ಪೈಪ್ ಕೂರಿಸಲು 4, ಪ್ಲಾಸ್ಟರಿಂಗಿಗೆ 12, ನೆಲದ ಟೈಲ್ಸಿಗೆ 8, ಬಣ್ಣಕ್ಕೆ 7. ಒಟ್ಟು 56 ದಿನ. ಇದರ ಪಕ್ಕದಲ್ಲಿ ಬಡಗಿ ಬಾಗಿಲಿನ ಚೌಕಟ್ಟು ಮಾಡಿ ಕೊಡಲು 20 ದಿನ ಕೇಳುತ್ತಾರೆ. ಪ್ಲಾಸ್ಟರಿಂಗ್ ಶುರುವಾಗುವ 29ನೇ ದಿನದ ಕೊನೆಗೆ ಅದು ಬಂದಿದ್ದರೆ ಸಾಕು. ಅಂದರೆ ಬಡಗಿಗೆ 9 ದಿನದ ಬಿಡುವಿದೆ. ಅವರು ಒಂಬತ್ತು ದಿನ ತಡ ಮಾಡಿದರೆ ಗೃಹಪ್ರವೇಶಕ್ಕೆ ಏನೂ ಆಗದು. ಹತ್ತನೆಯ ದಿನ ತಡವಾದರೆ ಇಡೀ ಮನೆ ಒಂದು ದಿನ ಹಿಂದೆ ಬೀಳುತ್ತದೆ. ಬಡಗಿಗೆ ಹೆಚ್ಚು ಕೂಲಿ ಕೊಟ್ಟು 12 ದಿನಕ್ಕೇ ಚೌಕಟ್ಟು ತರಿಸಿದರೆ ಒಂದು ದಿನವೂ ಉಳಿಯುವುದಿಲ್ಲ. ಕ್ಯೂರಿಂಗಿಗೆ ಎಷ್ಟು ಹಣ ಸುರಿದರೂ ಸಿಮೆಂಟು ತನ್ನ ಕಾಲ ತೆಗೆದುಕೊಂಡೇ ಗಟ್ಟಿಯಾಗುವುದು. ಪ್ಲಾಸ್ಟರಿಂಗಿಗೆ ಇನ್ನೊಂದು ಜೊತೆ ಗಾರೆಯವರನ್ನು ಕರೆದರೆ ಗೃಹಪ್ರವೇಶದ ದಿನ ಹತ್ತಿರ ಬರುತ್ತದೆ. ಒಳ್ಳೆಯ ಮೇಸ್ತ್ರಿಗೆ ಇದು ಕೈಬೆರಳ ಲೆಕ್ಕ. ಆದರೆ ಎಂಟು ಕೆಲಸದ ಜಾಗದಲ್ಲಿ ಎಂಟು ನೂರು ಕೆಲಸ ಬಂದಾಗ ಯಾವ ಮೇಸ್ತ್ರಿಯ ಬೆರಳೂ ಸಾಲದು.

ಕೆಲ್ಲಿ ಮತ್ತು ವಾಕರ್ ಕಂಡುಕೊಂಡದ್ದರಲ್ಲಿ ನನಗೆ ಅತಿ ದೊಡ್ಡದೆನಿಸುವುದು ಗಣಿತಕ್ಕಿಂತ ಮುಂಚಿನ ಒಂದು ಹೆಜ್ಜೆ. ಅದುವರೆಗೆ ಯೋಜನೆ ಹಾಕುವುದು, ದಿನಾಂಕ ಬರೆಯುವುದು ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವು. ಇವರು ಅದನ್ನು ಬಿಡಿಸಿದರು. ಮೊದಲು ಯಾವುದಕ್ಕೆ ಮುಂಚೆ ಯಾವುದು ಎಂದಷ್ಟೇ ಬರೆಯಬೇಕು. ದಿನ, ಜನ, ಹಣದ ಮಾತು ಆಮೇಲೆ. ಈ ಕ್ರಮ ಪಾಲಿಸಿದರೆ ಮುಖಂಡನಾದವನು ಕೋಣೆಯಲ್ಲಿ ಒಬ್ಬನೇ ಕೂತು ಯೋಜನೆ ಬರೆಯಲು ಆಗುವುದಿಲ್ಲ. ಫೋರ್‌ಮನ್ನನ್ನು, ಫಿಟ್ಟರನ್ನು, ಸಾಮಾನು ತರಿಸುವವರನ್ನು ಒಬ್ಬೊಬ್ಬರಾಗಿ ಕೇಳಲೇಬೇಕು: ನೀವು ಕೈ ಹಾಕುವ ಮುಂಚೆ ಯಾರ ಕೆಲಸ ಮುಗಿದಿರಬೇಕು? ತಂಡವನ್ನು ನಡೆಸುವ ಕಲೆ ಎಂದು ಪುಸ್ತಕಗಟ್ಟಲೆ ಬರೆದದ್ದರಲ್ಲಿ ಅರ್ಧ ಈ ಒಂದು ಪ್ರಶ್ನೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ದೊಡ್ಡ ಪರೀಕ್ಷೆ ನಡೆದದ್ದು ಕೆಂಟಕಿಯ ಲೂಯಿವಿಲ್‌ನಲ್ಲಿ, ಕೃತಕ ರಬ್ಬರ್ ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿ ನಡುವೆ ಹುಟ್ಟುವ ಒಂದು ರಾಸಾಯನಿಕ ತಾನಾಗಿ ಸಿಡಿಯುವಂಥದ್ದು. ಹಾಗಾಗಿ ಯಂತ್ರ ಓಡುತ್ತಿರುವಾಗ ರಿಪೇರಿ ಸಾಧ್ಯವಿಲ್ಲ. ಕಾರ್ಖಾನೆ ನಿಲ್ಲಿಸಿಯೇ ಮಾಡಬೇಕು. ನಿಂತ ಪ್ರತಿ ಗಂಟೆಯೂ ನಷ್ಟ. ಅದುವರೆಗೆ ಸರಾಸರಿ 125 ಗಂಟೆ ನಿಲ್ಲುತ್ತಿದ್ದ ಕಾರ್ಖಾನೆ ಹೊಸ ಲೆಕ್ಕದಿಂದ 93 ಗಂಟೆಗೆ ಇಳಿಯಿತು. ಮುಂದೆ 78ಕ್ಕೂ ಬಂತು. ಎಲ್ಲರನ್ನೂ ಓಡಿಸಿ ಗಳಿಸಿದ ಸಮಯವಲ್ಲ ಅದು. ಬಲೆಯಲ್ಲಿ ನಿಜಕ್ಕೂ ಬಿಗಿಯಾಗಿದ್ದ ಕೆಲಸಗಳು ಸ್ವಲ್ಪವೇ, ಉಳಿದವರಿಗೆ ಬಿಡುವಿತ್ತು. 1959ರ ಡಿಸೆಂಬರಿನಲ್ಲಿ ಇಬ್ಬರೂ ಬಾಸ್ಟನ್ನಿನ ಕಂಪ್ಯೂಟರ್ ಸಮ್ಮೇಳನದಲ್ಲಿ ತಮ್ಮ ಪ್ರಬಂಧ ಓದಿದರು.

ಅದಕ್ಕೂ ಮುಂಚೆ, 1958ರಲ್ಲೇ, ಅಮೆರಿಕದ ನೌಕಾಪಡೆ ಪೋಲಾರಿಸ್ ಕ್ಷಿಪಣಿಗಾಗಿ ಬೇರೆ ದಾರಿಯಿಂದ ಇದೇ ಬಲೆಗೆ ಬಂದು ಮುಟ್ಟಿತ್ತು. ಅವರದ್ದರ ಹೆಸರು ಪರ್ಟ್. ಅವರ ಕಷ್ಟ ಬೇರೆ ಥರದ್ದು. ಯಾರೂ ಹಿಂದೆ ಮಾಡಿರದ ವಸ್ತುವಿಗೆ ಎಷ್ಟು ದಿನ ಬೇಕು ಎಂದು ಯಾರು ಹೇಳಬಲ್ಲರು? ಅದಕ್ಕೆ ಮೂರು ಅಂಕಿ ಕೇಳಿದರು: ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನ ಅಂಕಿಗೆ ನಾಲ್ಕು ಪಟ್ಟು ತೂಕ ಕೊಟ್ಟು, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಬೇಕು. 4 ವಾರ, 6 ವಾರ, 14 ವಾರ ಎಂದರೆ 7 ವಾರ ಎಂದು ಹಿಡಿಯಬೇಕು. ಸೂತ್ರಕ್ಕಿಂತ ಮೂರನೆಯ ಪ್ರಶ್ನೆ ನನಗೆ ಇಷ್ಟ. ಕೆಟ್ಟರೆ ಎಷ್ಟು ದಿನವಾದೀತು ಎಂದು ಕೇಳಿದಾಗ ಕಿರಿಯ ಎಂಜಿನಿಯರ್ ತನ್ನ ಭಯವನ್ನು ಬಾಯಿಬಿಟ್ಟು ಹೇಳಲು ಜಾಗ ಸಿಗುತ್ತದೆ. ಪೋಲಾರಿಸ್ ಮೊದಲ ಬಾರಿ ನೀರೊಳಗಿನ ಜಲಾಂತರ್ಗಾಮಿಯಿಂದ ಹಾರಿದ್ದು 1960ರ ಜುಲೈ 20ರಂದು. ಆಮೇಲೆ 1972ರಲ್ಲಿ ಹಾರ್ವೆ ಸಪೋಲ್‌ಸ್ಕಿ ಎಂಬ ವಿದ್ವಾಂಸರು ಆ ಯೋಜನೆಯನ್ನು ಕೂಲಂಕಷವಾಗಿ ನೋಡಿ, ಪರ್ಟ್ ಚಾರ್ಟುಗಳು ಕೆಲಸಕ್ಕೆ ಬಂದದ್ದಕ್ಕಿಂತ ಮೇಲಿನವರ ಬಾಯಿ ಮುಚ್ಚಿಸಲು ಬಂದದ್ದೇ ಹೆಚ್ಚು ಎಂದು ಬರೆದರು. ಆ ಎಚ್ಚರಿಕೆ ಇಂದಿಗೂ ಬೇಕು. ಗೋಡೆಗೆ ಅಂಟಿಸಿದ ಚಾರ್ಟ್ ತಾನಾಗಿ ಏನನ್ನೂ ಕಟ್ಟುವುದಿಲ್ಲ.

ನಮ್ಮ ಊರಿನಲ್ಲಿ ಸರಪಳಿಯನ್ನು ಸರಿಯಾಗಿ ಓದಿದ ಯೋಜನೆ ಯಾವುದೆಂದು ಕೇಳಿದರೆ ನಾನು ಪೀಣ್ಯದ ಕಡೆ ಕೈ ತೋರಿಸುತ್ತೇನೆ. 1972ರ ಮೇ 10ರಂದು ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು: ಭಾರತ ಒಂದು ಉಪಗ್ರಹ ಮಾಡಿದರೆ ಅವರು ಹಾರಿಸಿಕೊಡುತ್ತಾರೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರಿಗೆ ಆ ಹೊಣೆ ಬಂತು. ಪೀಣ್ಯ ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡುಗಳಲ್ಲಿ, ಉಪಗ್ರಹವನ್ನು ಕಣ್ಣಾರೆ ಕಂಡಿರದ ಹುಡುಗ ಹುಡುಗಿಯರ ಜೊತೆ ಕೆಲಸ ಹಿಡಿದರು. ಸೋಲಾರ್ ಫಲಕ, ಬ್ಯಾಟರಿ, ಮಾಹಿತಿ ದಾಖಲಿಸುವ ಟೇಪ್ ರೆಕಾರ್ಡರ್ ಇವನ್ನೆಲ್ಲ ಸೋವಿಯತ್ತರಿಂದಲೇ ತೆಗೆದುಕೊಂಡರು. ಎಲ್ಲವನ್ನೂ ನಾವೇ ಮಾಡುತ್ತೇವೆ ಎಂದು ಹಟ ಹಿಡಿದಿದ್ದರೆ ಆ ಒಂದೊಂದು ವಸ್ತುವೂ ಉದ್ದನೆಯ ಸರಪಳಿಯಾಗಿ ಬೆಳೆಯುತ್ತಿತ್ತು. ನಮ್ಮವರು ಕಲಿಯಲೇಬೇಕಾದದ್ದನ್ನು ಇಲ್ಲಿ ಮಾಡಿ, ಕಾಲ ನುಂಗುವುದನ್ನು ಹೊರಗಿನಿಂದ ತಂದದ್ದು ಆ ಯೋಜನೆಯ ಅತ್ಯಂತ ಜಾಣ ನಿರ್ಧಾರ. ಬೆಂಗಳೂರಿನಲ್ಲಿ ಮಾಹಿತಿ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಅದಕ್ಕಾಗಿ ಮಾರ್ಪಡಿಸಿದ್ದನ್ನು ಆ ತಂಡದವರು ಮುಂದೆ ಹೆಮ್ಮೆಯಿಂದ ನೆನೆಯುತ್ತಿದ್ದರು. 360 ಕಿಲೋ ತೂಕದ ಆ ಉಪಗ್ರಹ, ಆರ್ಯಭಟ, 1975ರ ಏಪ್ರಿಲ್ 19ರಂದು ಕಪುಸ್ಟಿನ್ ಯಾರ್‌ನಿಂದ ಹಾರಿತು. ಒಪ್ಪಂದದಿಂದ ಉಡಾವಣೆಗೆ ಮೂರು ವರ್ಷವೂ ತುಂಬಿರಲಿಲ್ಲ.

ಈಗ ಹಳದಿ ಮಾರ್ಗಕ್ಕೆ ಬರೋಣ. 2014ರಲ್ಲಿ ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಎಲ್ಲ ದೊಡ್ಡ ಕಾಮಗಾರಿಯಂತೆ ಇಲ್ಲೂ ಮೊದಮೊದಲು ಬಿಗಿಯಾಗಿದ್ದ ಕೊಂಡಿ ಜಮೀನು. ಆಮೇಲೆ ಬಿಗಿಯಾದದ್ದು ಜಯದೇವ ಜಂಕ್ಷನ್. 2006ರ ಸುಮಾರಿಗೆ ಕಟ್ಟಿದ ಮೇಲ್ಸೇತುವೆ ಅಲ್ಲಿ ನಿಂತಿತ್ತು. ಎರಡು ಮೆಟ್ರೋ ಮಾರ್ಗಗಳು ಒಂದನ್ನೊಂದು ದಾಟುವ ನಿಲ್ದಾಣ ಅದೇ ಜಾಗಕ್ಕೆ ಬರಬೇಕಿತ್ತು. ಬನ್ನೇರುಘಟ್ಟ ರಸ್ತೆಯ ವಾಹನಗಳನ್ನು ತಿರುಗಿಸದೆ ಸೇತುವೆ ಒಡೆಯುವಂತಿಲ್ಲ, ಸೇತುವೆ ಒಡೆಯದೆ ಕಂಬ ಇಳಿಸುವಂತಿಲ್ಲ. 2020ರ ಜನವರಿಯಲ್ಲಿ ಒಡೆಯಲು ಶುರುಮಾಡಿದರು. ಹದಿನೈದು ವರ್ಷವೂ ಬಾಳದ ಸೇತುವೆಯನ್ನು ಒಡೆಯುವುದನ್ನು ನೋಡಿ ಜಯನಗರ 9ನೇ ಬ್ಲಾಕಿನ ಎಷ್ಟೋ ಹಿರಿಯರು ನೊಂದುಕೊಂಡರು. ಒಂದು ಇಲಾಖೆಯ ಬಲೆಯಲ್ಲಿ ಇನ್ನೊಂದು ಇಲಾಖೆಯ ಬಾಣವನ್ನು ಬರೆಯದೇ ಹೋದರೆ ಊರು ಕೊಡುವ ದಂಡ ಇದು.

ಅಷ್ಟರಲ್ಲಿ ಸರಪಳಿ ಮತ್ತೆ ಜಾಗ ಬದಲಿಸಿತ್ತು. 2019ರ ಕೊನೆಯಲ್ಲಿ 216 ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಅದರಲ್ಲಿ 90 ಬೋಗಿ, ಎಂದರೆ ಆರು ಬೋಗಿಗಳ 15 ರೈಲು, ಹಳದಿ ಮಾರ್ಗಕ್ಕೆ. ಬಹುಪಾಲು ಭಾರತದಲ್ಲೇ ತಯಾರಾಗಬೇಕೆಂಬ ಷರತ್ತಿತ್ತು. 2020ರ ಏಪ್ರಿಲಿನಲ್ಲಿ ಗಡಿ ಹಂಚಿಕೊಂಡ ದೇಶಗಳ ಬಂಡವಾಳಕ್ಕೆ ಸರ್ಕಾರದ ಮುಂಗಡ ಅನುಮತಿ ಕಡ್ಡಾಯವಾಯಿತು, ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾದೊಂದಿಗೆ ಗಡಿ ಘರ್ಷಣೆಯಾಯಿತು. ಇಲ್ಲಿ ಕಾರ್ಖಾನೆ ತೆರೆಯುವ ಚೀನೀ ಕಂಪನಿಯ ಯೋಚನೆ ಅಲ್ಲಿಗೆ ನಿಂತಿತು. ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿರುವ ಟಿಟಾಗಢ್ ಕಂಪನಿಯ ಜೊತೆಗೂಡಿ ಬೋಗಿ ಮಾಡುವುದೆಂದಾಯಿತು. ಮಾದರಿ ರೈಲು ಚೀನಾದಿಂದ ಹೆಬ್ಬಗೋಡಿ ಡಿಪೊಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಟಿಟಾಗಢ್‌ನಿಂದ ಮೊದಲ ರೈಲು ಹೊರಟದ್ದು 2025ರ ಜನವರಿಯಲ್ಲಿ. ಚಾಲಕನಿಲ್ಲದೆಯೂ ಓಡಬಲ್ಲ ಸಿಗ್ನಲ್ ವ್ಯವಸ್ಥೆ ನಮ್ಮ ಮೆಟ್ರೋಗೆ ಇದೇ ಮೊದಲು; ಹಾಗಾಗಿ ಬ್ರೇಕ್, ಅಲುಗಾಟ, ಸಿಗ್ನಲ್ ಎಂದು ಪರೀಕ್ಷೆಗಳ ಸಾಲೇ ಇತ್ತು. ರೈಲೇ ಇಲ್ಲದೆ ಆ ಯಾವ ಪರೀಕ್ಷೆಯೂ ಶುರುವಾಗುವಂತಿರಲಿಲ್ಲ.

ಗಡಿಯಲ್ಲಿ ಏನಾಗುತ್ತದೆಂದು 2019ರಲ್ಲಿ ಯಾವ ಎಂಜಿನಿಯರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ, ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಆದರೆ 2020ರ ನಡುಭಾಗದ ನಂತರ ಉದ್ದದ ಸರಪಳಿ ಕಾಂಕ್ರೀಟಿನಿಂದ ಬೋಗಿಗೆ ಹಾರಿತ್ತು ಎಂಬುದನ್ನು ಒಂದು ಹಾಳೆಯ ಮೇಲೆ ಎಳೆದು ತೋರಿಸಬಹುದಿತ್ತು. ಊರಿನ ಜನಕ್ಕೆ ಕೇಳಿಬಂದದ್ದು ಮಾತ್ರ ಸಿವಿಲ್ ಕಾಮಗಾರಿ ಶೇಕಡಾ ಎಷ್ಟು ಮುಗಿದಿದೆ ಎಂಬ ಅಂಕಿ. ಬಡಗಿಯ ಚೌಕಟ್ಟಿನಂತೆ, ಬಿಡುವಿರುವ ಕೆಲಸ ಶೇಕಡಾ ನೂರು ಮುಗಿದರೂ ಗೃಹಪ್ರವೇಶದ ದಿನ ಅದರಿಂದ ತಿಳಿಯುವುದಿಲ್ಲ. ಇದನ್ನು ಮುಚ್ಚಿಡಬೇಕಾದ ಕಾರಣವೂ ಇರಲಿಲ್ಲ. ತಾನು ಯಾವುದಕ್ಕಾಗಿ ಕಾಯುತ್ತಿದ್ದೇನೆ ಎಂದು ತಿಳಿದ ಊರು ಹೆಚ್ಚು ತಾಳ್ಮೆಯಿಂದ ಕಾಯುತ್ತದೆ.

ಹಳದಿ ಮಾರ್ಗ ಕೊಂಡೊಯ್ಯುವ ಜನರಲ್ಲಿ ದೊಡ್ಡ ಪಾಲು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ತಂಡಗಳದ್ದು. ಅವರಿಗೆ ಈ ಕತೆ ಬೇರೆ ರೂಪದಲ್ಲಿ ಗೊತ್ತು. ಐಬಿಎಂನಲ್ಲಿ ಓಎಸ್/360 ಎಂಬ ಬೃಹತ್ ಸಾಫ್ಟ್‌ವೇರ್ ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದರು: ತಡವಾದ ಸಾಫ್ಟ್‌ವೇರ್ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕಲಿಸುವವರು ಯಾರು? ಉದ್ದದ ಸರಪಳಿಯಲ್ಲಿ ಈಗಾಗಲೇ ನಲುಗುತ್ತಿರುವ ಹಳಬರೇ. 1997ರಲ್ಲಿ ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಇನ್ನೊಂದು ಮಾತು ಸೇರಿಸಿದರು. ಎರಡು ದಾರಿಗಳು ಬೇರೆ ಬೇರೆ ಇದ್ದಂತೆ ಕಂಡರೂ ಎರಡಕ್ಕೂ ಒಬ್ಬಳೇ ಎಂಜಿನಿಯರ್ ಬೇಕಾದರೆ ಅವು ಒಂದೇ ಸರಪಳಿ. ಜೊತೆಗೆ, ಹೇಳಿದ ದಿನಾಂಕವನ್ನೇ ಚಾಟಿ ಮಾಡಿಕೊಂಡ ಮುಖಂಡನ ಕೈಕೆಳಗೆ ಪ್ರತಿಯೊಬ್ಬರೂ ಮುಂದಿನ ಸಲ ಎರಡು ದಿನದ ಕೆಲಸಕ್ಕೆ ಐದು ದಿನ ಕೇಳುತ್ತಾರೆ. ಬೆಳಗಿನ ಮೀಟಿಂಗಿನಲ್ಲಿ ನಿಂತು ಎಷ್ಟು ಪರ್ಸೆಂಟ್ ಆಯಿತು ಎಂದು ಸುತ್ತಲೂ ಕೇಳುವ ಬದಲು, ನಿನ್ನನ್ನು ಯಾರು ಕಾಯುತ್ತಿದ್ದಾರೆ, ನೀನು ಯಾರನ್ನು ಕಾಯುತ್ತಿದ್ದೀಯ ಎಂದು ಕೇಳುವ ಟೀಮ್ ಲೀಡ್ ಸಿಕ್ಕ ತಂಡ ಪುಣ್ಯವಂತ ತಂಡ. ಆ ಪ್ರಶ್ನೆಯಲ್ಲಿ ಆರೋಪವಿಲ್ಲ. ಉತ್ತರ ಕೊಡಲು ಯಾರೂ ಸುಳ್ಳು ಹೇಳಬೇಕಿಲ್ಲ.

ಹಳದಿ ಮಾರ್ಗ ಉದ್ಘಾಟನೆಯಾದ ದಿನವೇ ಮೂರನೇ ಹಂತಕ್ಕೂ ಅಡಿಗಲ್ಲು ಬಿತ್ತು. ಜೆ.ಪಿ. ನಗರ 4ನೇ ಹಂತದಿಂದ ಹೊರವರ್ತುಲ ರಸ್ತೆಯ ಗುಂಟ ಕೆಂಪಾಪುರದವರೆಗೆ 32 ಕಿಲೋಮೀಟರಿನ ಕಿತ್ತಳೆ ಮಾರ್ಗ, ಹೊಸಹಳ್ಳಿಯಿಂದ ಕಡಬಗೆರೆಗೆ ಇನ್ನೊಂದು ಕವಲು. ಒಟ್ಟು 44.65 ಕಿಲೋಮೀಟರ್, 15,611 ಕೋಟಿ ರೂಪಾಯಿ. ಬನಶಂಕರಿ, ಹೊಸಕೆರೆಹಳ್ಳಿ ಕಡೆಯ ಜನ ಮತ್ತೆ ವರ್ಷಗಟ್ಟಲೆ ಬ್ಯಾರಿಕೇಡಿನ ಪಕ್ಕದಲ್ಲೇ ಓಡಾಡಬೇಕು. ಅವರ ಪರವಾಗಿ ಈಗಲೇ ಕೇಳಬೇಕಾದ ಪ್ರಶ್ನೆಗಳಿವೆ. ಬೋಗಿಯ ಟೆಂಡರ್ ಯಾವ ತಿಂಗಳು, ಗುತ್ತಿಗೆಯಾದ ಎಷ್ಟು ತಿಂಗಳಿಗೆ ಮಾದರಿ ರೈಲು? ಅದು ಬಂದು ಇಳಿಯುವ ಡಿಪೊದ ಜಮೀನು ಕೈಗೆ ಬಂದಿದೆಯೇ? ವರ್ತುಲ ರಸ್ತೆಯ ಕೆಳಗಿನ ಕಾವೇರಿ ಪೈಪು, ಒಳಚರಂಡಿ, ಕೇಬಲ್ಲುಗಳನ್ನು ಸರಿಸುವವರು ಯಾರು, ಯಾವ ಕಂಬದ ಮುಂಚೆ? ಇವುಗಳಲ್ಲಿ ಯಾವುದಕ್ಕೆ ಬಿಡುವಿದೆ, ಯಾವುದಕ್ಕೆ ಒಂದು ದಿನವೂ ಇಲ್ಲ? ಉತ್ತರವನ್ನು ಬಾಣಗಳಾಗಿ ಎಳೆದರೆ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಆ ಹಾಳೆಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ತಿದ್ದಿ, ಬ್ಯಾರಿಕೇಡಿನ ತಗಡಿನ ಮೇಲೆ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವಂತೆ ಕನ್ನಡದಲ್ಲಿ ಅಂಟಿಸಲಿ.